ಹರಾಜು ಕೂಗುವವನ ಹಲ್ಲು

ಮೇ ೪, ಸೋಮವಾರ

ಬಂದು ಇಳಿದದ್ದಾಯಿತು. ವಿಮಾನ, ಮತ್ತೊಂದು ವಿಮಾನ, ಬಸ್ಸು, ಕೊನೆಗೆ ಲಾರಿಯಂಥದ್ದೊಂದು ವ್ಯಾನು. ಸೊಂಟ ನನ್ನದೋ ಬೇರೆ ಯಾರದೋ ಎನ್ನುವ ಹಾಗಾಗಿದೆ. ಪ್ಲಾಸ್ಟರ್ ಪುಡಿಯ ಚೀಲ ಒಡೆದಿಲ್ಲ, ಅದೊಂದೇ ಸಮಾಧಾನ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಡಬ್ಬಿ ತೆರೆದು, ಸಾಲು ಸಾಲಾಗಿ ಮೇಣಕ್ಕೆ ಅಂಟಿಸಿದ ಹಲ್ಲುಗಳನ್ನು ನೋಡಿ ಹುಬ್ಬು ಗಂಟು ಹಾಕಿದ. ಯಾರದ್ದಿದು ಎಂದು ಕೇಳಿದ. ಇನ್ನೂ ಯಾರದ್ದೂ ಅಲ್ಲ ಎಂದೆ, ನನ್ನ ಮುರುಕು ಇಂಗ್ಲಿಷಿನಲ್ಲಿ. ನಗಲಿಲ್ಲ ಮಹಾಶಯ.

ನಮ್ಮನ್ನು ಇಳಿಸಿರುವುದು ಚರ್ಚಿನ ಹಿಂದಿರುವ ಶಾಲೆಯಲ್ಲಿ. ಮಕ್ಕಳಿಗೆ ರಜೆ. ತರಗತಿಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ಎರಡೆರಡು ಮಂಚ ಹಾಕಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಡಾಕ್ಟರ್ ಸಾಹೇಬರ ಪಕ್ಕದ ಮಂಚ.

ಡಾಕ್ಟರ್ ಸಾಹೇಬರು ಎಂದರೆ ನನ್ನ ಅಳಿಯಂದಿರು. ದಂತವೈದ್ಯರು, ನಮ್ಮೂರ ಚರ್ಚಿನಿಂದ ಹಲ್ಲಿನ ಸೇವೆಗೆಂದು ಬಂದ ಈ ತಂಡದ ಮುಖಂಡರು. ಅವರು ಹಲ್ಲು ಕೀಳುವವರು, ನಾನು ಹಲ್ಲಿನ ಸೆಟ್ಟು ಕಟ್ಟುವವನು. ಕಟ್ಟುತ್ತಿದ್ದವನು ಎನ್ನಬೇಕು. ಅವರ ಕ್ಲಿನಿಕ್ಕಿನಿಂದ ವರ್ಷಗಟ್ಟಲೆ ನನಗೆ ರೋಗಿಗಳ ಬಾಯಿಯ ಅಚ್ಚುಗಳು ಬರುತ್ತಿದ್ದವು. ಆಮೇಲೆ ಒಂದು ದಿನ ನಿಂತವು. ಈಗ ಎಲ್ಲವೂ ಯಂತ್ರದಲ್ಲಿ ಹಲ್ಲು ಕೊರೆಯುವ ಯಾವುದೋ ಕಂಪನಿಗೆ ಹೋಗುತ್ತವಂತೆ. ನನ್ನೆದುರು ಒಂದು ಮಾತು ಆಡಲಿಲ್ಲ. ಒಂದಿಷ್ಟು ತಿಂಗಳು ಕಾದು ನಾನೂ ಕಾರ್ಖಾನೆಯ ಬಾಗಿಲು ಹಾಕಿದೆ. ಕಾರ್ಖಾನೆ ಎಂದರೆ ಮನೆಯ ಹಿಂದಿನ ಒಂದು ಕೋಣೆ, ಅಷ್ಟೇ. ಆದರೂ ಅದು ನನ್ನದು.

ಮತ್ತೆ ಯಾಕೆ ಬಂದೆ? ಮಗಳು ಗೋಗರೆದಳು. "ಅಪ್ಪಾ, ಕೆಲಸಕ್ಕೆ ನಿಂತ್ರೆ ಅವರಿಗೆ ಊಟದ ನೆನಪೇ ಇರಲ್ಲ. ನೀವು ಜೊತೆಗಿದ್ದು ಸ್ವಲ್ಪ ನೋಡ್ಕೊಳ್ಳಿ." ನನ್ನವಳೂ ದನಿಗೂಡಿಸಿದಳು. "ಹೋಗಿ ಬನ್ನಿ. ಮನೇಲಿ ಕೂತು ಕಿಟಕಿ ಕಾದದ್ದು ಸಾಕು." ಹೀಗೆ ಡಾಕ್ಟರ್ ಸಾಹೇಬರಿಗೆ ಊಟ ಮಾಡಿಸಲು ಸಮುದ್ರ ದಾಟಿ ಬಂದಿದ್ದೇನೆ.

ಮೇ ೫, ಮಂಗಳವಾರ

ಬೆಳಿಗ್ಗೆ ಪ್ರಾರ್ಥನೆ. ಇಲ್ಲಿಯ ಪಾಸ್ಟರು ನಮ್ಮನ್ನೆಲ್ಲ ಸುತ್ತಲೂ ನಿಲ್ಲಿಸಿ, ಒಬ್ಬೊಬ್ಬರೂ ಒಂದೊಂದು ಮಾತು ಪ್ರಾರ್ಥಿಸಿ ಎಂದರು. ಡಾಕ್ಟರ್ ಸಾಹೇಬರು ನಲ್ಲಿ ತಿರುಗಿಸಿದ ಹಾಗೆ ಸರಾಗವಾಗಿ ಪ್ರಾರ್ಥಿಸಿದರು. ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ಸನ್ನೆ ಮಾಡಿದೆ. ಊರಿನಲ್ಲೂ ನಾನು ಕೊನೆಯ ಬೆಂಚಿನವನು. ದೇವರಿಗೂ ನನಗೂ ದೂರದಿಂದಲೇ ನಮಸ್ಕಾರ.

ಚರ್ಚಿನ ಒಳಗೇ ಆಸ್ಪತ್ರೆ. ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಮಡಚುವ ಕುರ್ಚಿ ಹಾಕಿದ್ದಾರೆ. ಡಾಕ್ಟರ್ ಸಾಹೇಬರು ಮತ್ತು ನಮ್ಮ ತಂಡದ ನರ್ಸಮ್ಮ ಅಲ್ಲಿ. ನನಗೆ ಶಾಲೆಯ ಅಡುಗೆಮನೆ ಕೊಟ್ಟಿದ್ದಾರೆ. ಒಲೆ ಇದೆ, ನಲ್ಲಿ ಇದೆ, ಕಲ್ಲಿನ ಕಟ್ಟೆ ಇದೆ, ನನಗೆ ಇನ್ನೇನು ಬೇಕು. ಕಿಟಕಿ ಮಾತ್ರ ಜಗಲಿಗೆ ತೆರೆಯುತ್ತದೆ. ಜಗಲಿಯ ಮೇಲೆ ಸಾಲಾಗಿ ಕೂತ ರೋಗಿಗಳೆಲ್ಲ ನಾನು ಏನು ಮಾಡುತ್ತೇನೆಂದು ಕತ್ತು ಉದ್ದ ಮಾಡಿ ನೋಡುತ್ತಾರೆ. ನನಗೆ ಅಭ್ಯಾಸವಿಲ್ಲ. ನಮ್ಮ ಕೆಲಸದಲ್ಲಿ ಅಚ್ಚು ಬರುತ್ತದೆ, ಸೆಟ್ಟು ಹೋಗುತ್ತದೆ, ಬಾಯಿಯ ಯಜಮಾನನ ಮುಖ ಯಾರಿಗೆ ಗೊತ್ತು?

ಕಳೆದ ವರ್ಷ ಡಾಕ್ಟರ್ ಸಾಹೇಬರ ಜೊತೆ ಬಂದ ತಂಡ ಇಲ್ಲಿ ರಾಶಿ ಹಲ್ಲು ಕಿತ್ತು ಹೋಗಿದೆ. ಕಟ್ಟುವವರು ಆಗ ಜೊತೆಗಿರಲಿಲ್ಲ. ಕಿತ್ತ ಜಾಗ ಮಾಯ್ದು, ಬರೀ ವಸಡಿನಲ್ಲಿ ವರ್ಷ ಕಳೆದವರೆಲ್ಲ ಈಗ ಬಂದಿದ್ದಾರೆ.

ಅವರಲ್ಲಿ ಒಬ್ಬ ಎತ್ತರದ ಆಸಾಮಿ. ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದ. ಏನು ಕೇಳಿದರೂ ಉತ್ತರ ಅವನ ಹೆಂಡತಿಯದು. ಇಲ್ಲಿಯ ಭಾಷೆಯನ್ನು ನಮಗೆ ಇಂಗ್ಲಿಷಿಗೆ ದಾಟಿಸಲು ಶಾಲೆಯ ಟೀಚರು ಇದ್ದಾರೆ. ಅವರು ಹೇಳಿದರು, "ಇವರು ತರಕಾರಿ ಮಾರ್ಕೆಟ್ಟಲ್ಲಿ ಹರಾಜು ಕೂಗ್ತಿದ್ರು. ಎಲ್ಲರೂ ಗಂಟೆ ಅಂತಾನೇ ಕರೆಯೋದು. ದನಿ ಹಾಗಿತ್ತು. ಗಾಡಿಯಿಂದ ಬಿದ್ದು ಮುಂದಿನ ಹಲ್ಲೆಲ್ಲ ಮುರೀತು. ಅಲ್ಲಾಡ್ತಿದ್ದ ಮಿಕ್ಕಿದ್ದನ್ನ ಹೋದ ವರ್ಷ ಇಲ್ಲೇ ತೆಗೆದ್ರು."

"ಈಗ ಏನು ಮಾಡ್ತಾರೆ?" ಎಂದೆ.

ಟೀಚರು ಅವನ ಹೆಂಡತಿಯನ್ನು ಕೇಳಿದರು. ಆಕೆ ಬಹಳ ಹೊತ್ತು ಮಾತಾಡಿದಳು. ಕೈ ಬೀಸಿದಳು, ಎದೆ ಬಡಿದುಕೊಂಡಳು, ಗಂಡನ ಭುಜ ಮುಟ್ಟಿ ತೋರಿಸಿದಳು. ಎಲ್ಲ ಮುಗಿದ ಮೇಲೆ ಟೀಚರು ನನ್ನ ಕಡೆ ತಿರುಗಿದರು.

"ಮೂಟೆ ಹೊರ್ತಾರೆ."

ಮೇ ೬, ಬುಧವಾರ

ಪ್ಲಾಸ್ಟರು, ಮೇಣ, ಪ್ಲಾಸ್ಟರು. ಕೈ ಮರೆತಿಲ್ಲ. ಕೆಮ್ಮು ಸ್ವಲ್ಪ. ಡಾಕ್ಟರ್ ಸಾಹೇಬರು ಎರಡು ಸಲ ಬಂದು, "ಮಾವ, ಮಾಸ್ಕು" ಎಂದರು. ಮೂರನೆಯ ಸಲ ಬಂದಾಗ ನಾನು ತಲೆ ಎತ್ತಲಿಲ್ಲ.

ಮೇ ೮, ಶುಕ್ರವಾರ

ಇವತ್ತು ಮೊದಲ ಸೆಟ್ಟು ಹಾಕಿದ್ದು ಒಬ್ಬ ಅಜ್ಜಿಗೆ. ಡಾಕ್ಟರು ಬಾಯಿಗೆ ಕೂರಿಸಿದರು, ನರ್ಸಮ್ಮ ಕನ್ನಡಿ ಹಿಡಿದಳು. ಅಜ್ಜಿ ಒಮ್ಮೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಆಮೇಲೆ ಕುರ್ಚಿಯಿಂದ ಇಳಿದು ಸೀದಾ ಅಡುಗೆಮನೆಗೆ ಬಂದು ನನ್ನ ಎರಡೂ ಕೆನ್ನೆ ಹಿಡಿದು ಎಳೆದಳು. ನನ್ನ ಕೈಯಲ್ಲಿ ಬಿಸಿ ಮೇಣದ ಚಾಕು. ಅಲ್ಲಾಡುವ ಹಾಗಿಲ್ಲ. ಜಗಲಿಯ ಮೇಲಿದ್ದವರಿಗೆಲ್ಲ ನಗು. ಈ ವಯಸ್ಸಿನಲ್ಲಿ ನನ್ನ ಕೆನ್ನೆ ಹಿಂಡುವವರು ಸಿಕ್ಕಿದರಲ್ಲ!

ನಾನು ಕಟ್ಟಿದ ಹಲ್ಲು ನಗುವುದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು ಅನಿಸುತ್ತದೆ. ನೆನಪಿಸಿಕೊಂಡರೆ ಬೇರೆ ಯಾವುದೂ ನೆನಪಿಗೆ ಬರುತ್ತಿಲ್ಲ.

ಡಾಕ್ಟರು ಮಧ್ಯಾಹ್ನ ನಿಂತುಕೊಂಡೇ ಒಂದು ಬ್ರೆಡ್ಡು ತಿಂದು ಮತ್ತೆ ಕುರ್ಚಿಯ ಹತ್ತಿರ ಹೋದರು. ಮಗಳಿಗೆ ಮಾತು ಕೊಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ ತಟ್ಟೆ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. "ಇಡಿ ಮಾವ, ಆಮೇಲೆ" ಎಂದರು. ನಾನು ಅಲ್ಲೇ ನಿಂತೆ. ಊಟ ಮಾಡಿದರು.

ಮೇ ೯, ಶನಿವಾರ

ಗಂಟೆಗೆ ಇವತ್ತು ಸೆಟ್ಟು ಕೂರಿಸಿದ್ದು. ನಾನೇ ಹೇಳಿಕೊಳ್ಳಬಾರದು, ಆದರೆ ಬರೆಯುವುದು ನನಗೇ ತಾನೇ: ಚೆನ್ನಾಗಿ ಬಂದಿತ್ತು. ಅವನ ಉದ್ದ ಮುಖಕ್ಕೆ ಹೊಂದುವ ಅಗಲ ಹಲ್ಲು ನನ್ನ ಡಬ್ಬಿಯಲ್ಲಿ ಒಂದೇ ಜೊತೆ ಇತ್ತು. ಅವನು ಕರವಸ್ತ್ರ ಕೆಳಗಿಟ್ಟು ಮೆಲ್ಲಗೆ ಏನೋ ಒಂದು ಮಾತು ಹೇಳಿದ. ಹೆಂಡತಿ ಅಳುತ್ತಾ ಅವನ ಬೆನ್ನಿಗೆ ಗುದ್ದಿದಳು. ಏನು ಹೇಳಿದ ಎಂದು ಕೇಳಿದೆ. "ಅವಳ ಹೆಸರು" ಎಂದರು ಟೀಚರು. ವರ್ಷದಿಂದ ಆ ಹೆಸರು ಅವನ ಬಾಯಲ್ಲಿ ಸರಿಯಾಗಿ ಹೊರಡುತ್ತಿರಲಿಲ್ಲವಂತೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸಂಜೆ ಜಗಲಿಯ ತುದಿಯಲ್ಲಿ ಡಾಕ್ಟರ್ ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಟ್ಟೆ ಒಣಗಿಸುತ್ತಿದ್ದೆ. ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು.

"ನಿಮ್ಮಪ್ಪ ಚೆನ್ನಾಗಿದ್ದಾರೆ ಕಣೇ. ಇಲ್ಲ, ಮಾಸ್ಕು ಹೇಳಿದ್ರೆ ಮಾತ್ರ ಹಾಕ್ಕೋತಾರೆ. ನೋಡ್ಕೊಳ್ತಾ ಇದ್ದೀನಲ್ಲ, ನೀನು ಹೇಳಿದ್ದಕ್ಕೇ ತಾನೇ ಕರ್ಕೊಂಡು ಬಂದಿದ್ದು."

ಅಂದರೆ ನಾನು ಅವರನ್ನು ನೋಡಿಕೊಳ್ಳಲು ಬಂದಿಲ್ಲ. ಅವರು ನನ್ನನ್ನು ನೋಡಿಕೊಳ್ಳಲು ಕರೆತಂದಿದ್ದಾರೆ. ಮಗಳು ಇಬ್ಬರಿಗೂ ಒಂದೇ ಮಿಠಾಯಿ ತೋರಿಸಿದ್ದಾಳೆ. ಕೆಲಸಕ್ಕೆ ಬೇಕಾಗಿ ಬಂದವನು ಎಂದುಕೊಂಡಿದ್ದೆ. ಮನೆಯಲ್ಲಿ ಬಿಟ್ಟು ಬಂದರೆ ಹಟ ಮಾಡುತ್ತದೆಂದು ಕರೆತಂದ ಕೂಸು ನಾನು.

ಮೇ ೧೦, ಭಾನುವಾರ

ಆರಾಧನೆ. ಕೊನೆಯ ಬೆಂಚು. ಬರೆಯಲು ಏನೂ ಇಲ್ಲ.

ಮೇ ೧೧, ಸೋಮವಾರ

ಗಂಟೆ ಬಂದಿದ್ದ. ಒಳಗೆ ಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಕರವಸ್ತ್ರದ ಗಂಟೊಂದನ್ನು ಇಟ್ಟು, ನನ್ನ ಮುಖವನ್ನೂ ನೋಡದೆ ಹೊರಟುಹೋದ. ಬಿಚ್ಚಿದೆ. ನನ್ನ ಸೆಟ್ಟು. ತೊಳೆದು, ಒರೆಸಿ, ಮರ್ಯಾದೆಯಾಗಿ ವಾಪಸ್ಸು.

ಬೇಡವಾದರೆ ಬೇಡ.

ಮೇ ೧೨, ಮಂಗಳವಾರ

ಇವತ್ತು ಉದ್ದಕ್ಕೆ ಬರೆಯಬೇಕು.

ಬೆಳಿಗ್ಗೆ ಡಾಕ್ಟರು ಶೂ ಕಟ್ಟುತ್ತಾ, "ಮಾವ, ಬನ್ನಿ, ಮಾರ್ಕೆಟ್ಟಿಗೆ ಹೋಗಿ ಬರೋಣ" ಎಂದರು.

"ನಾನ್ಯಾಕೆ? ನಿಮ್ಮ ರೋಗಿ. ನೀವೇ ಹೋಗಿ ಬನ್ನಿ ಡಾಕ್ಟ್ರೇ."

"ನಮ್ಮ ರೋಗಿ. ಏಳಿ."

ಟೀಚರನ್ನೂ ಕರೆದುಕೊಂಡು ನಡೆದೇ ಹೋದೆವು. ಮಾರ್ಕೆಟ್ಟು ಎಂದರೆ ತಗಡಿನ ಮಾಡಿನ ಕೆಳಗೆ ಗದ್ದಲವೋ ಗದ್ದಲ. ಕೋಸಿನ ಗುಡ್ಡೆ, ಈರುಳ್ಳಿ ಮೂಟೆ, ಕಾಲ ಕೆಳಗೆ ಸೊಪ್ಪಿನ ಕೆಸರು. ಮಧ್ಯದಲ್ಲಿ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಒಬ್ಬ ಯುವಕ ನಿಂತು ಹರಾಜು ಕೂಗುತ್ತಿದ್ದ. ಗಂಟೆ ಅವನ ಹಿಂದಿನಿಂದ ಮೂಟೆ ಹೊತ್ತು ಹಾದುಹೋದ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ನಮ್ಮನ್ನು ಕಂಡೂ ಕಾಣದವನ ಹಾಗೆ ನಡೆದ.

ಹೆಂಡತಿ ಅಲ್ಲೇ ಬಿದ್ದ ಸೊಪ್ಪು ಆರಿಸುತ್ತಿದ್ದಳು. ಓಡಿ ಬಂದು ನಡೆದದ್ದನ್ನೆಲ್ಲ ಹೇಳಿದಳು. ಈ ಸಲ ಟೀಚರು ಒಂದು ಅಕ್ಷರವನ್ನೂ ಬಿಡದೆ ನಮಗೆ ದಾಟಿಸಿದರು. ನಿನ್ನೆ ಬೆಳಿಗ್ಗೆ ಗಂಟೆ ಹೊಸ ಹಲ್ಲು ಹಾಕಿಕೊಂಡು, ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದನಂತೆ. ಮಂಡಿಯ ಮಾಲೀಕ ಮೊದಲು ಒಪ್ಪಲಿಲ್ಲ, ಆಮೇಲೆ ಹಳೆಯ ಸಲುಗೆಗೆ ಒಂದು ರಾಶಿ ಕೋಸು ಕೂಗು ಎಂದ. ಗಂಟೆ ಪೆಟ್ಟಿಗೆ ಹತ್ತಿದ. ಜನ ಸೇರಿದರು. ಬಾಯಿ ಅಗಲಿಸಿ ಮೊದಲ ಕೂಗು ಹಾಕಿದ. ಮೇಲಿನ ಸೆಟ್ಟು ಕಳಚಿ ಕೋಸಿನ ಮೇಲೆ ಬಿತ್ತು.

ಎಲ್ಲರೂ ನಕ್ಕರು. ಹೆಂಡತಿಯೇ ಹೋಗಿ ಹೆಕ್ಕಿ ತಂದು ತೊಳೆದಳು.

ನೆಲ ನೋಡುತ್ತಾ ನಿಂತೆ. ಆ ರಾಶಿಯ ಮೇಲೆ ಬಿದ್ದದ್ದು ನನ್ನ ಹಲ್ಲು.

ವಾಪಸ್ಸು ಬರುವಾಗ ಟೀಚರು ಮುಂದೆ ನಡೆದರು. ನಾವಿಬ್ಬರೂ ಹಿಂದೆ. ಡಾಕ್ಟರು ಹೇಳಿದರು.

"ಸುಮ್ಮನೆ ಕೂತ ಬಾಯಿಯ ಅಚ್ಚು ತಗೊಂಡೆ ನಾನು. ಕೂಗೋ ಬಾಯಿ ಅಂತ ಗೊತ್ತಿದ್ದೂ."

"ಸುಮ್ಮನೆ ಕೂತ ಬಾಯಿಗೇ ಕಟ್ಟಿದೆ ನಾನೂ. ಅಂದ ನೋಡ್ತಾ ಕೂತೆ" ಎಂದೆ.

"ಮಾವ, ಹೋದ ವರ್ಷ ಆತನ ಹಲ್ಲು ತೆಗೆದಿದ್ದು ನಾನೇ. ತೆಗೀಲೇಬೇಕಿತ್ತು, ಕೀವು ತುಂಬಿತ್ತು. ಆದ್ರೆ ಮನೆಗೆ ಬಂದ ಮೇಲೆ ನಂಗೆ ಅದೇ ಯೋಚನೆ. ಕಿತ್ತು ಹಾಕಿ ವಿಮಾನ ಹತ್ತಿಬಿಟ್ಟೆನಲ್ಲ ಅಂತ. ಈ ಸಲ ನೀವು ಬರದಿದ್ರೆ ನಾನೂ ಬರ್ತಿರಲಿಲ್ಲ. ನಂಗೆ ಕೀಳೋಕೆ ಬರುತ್ತೆ. ಕಟ್ಟೋಕೆ ನೀವು ಬೇಕು."

ನನಗೆ ಸಿಟ್ಟು ಬಂತು. ಯಾಕೆ ಬಂತೋ.

"ನಾನು ಬೇಕಿದ್ರೆ ಊರಲ್ಲಿ ಕೆಲಸ ಯಾಕೆ ನಿಲ್ಲಿಸಿದ್ರಿ? ಫೋನಲ್ಲಿ ನಿಮ್ಮ ಹೆಂಡತಿಗೆ ಹೇಳಿದ್ದು ಕೇಳಿಸ್ತು ನಂಗೆ. ನನ್ನ ನೋಡ್ಕೊಳ್ಳೋಕೆ ಕರ್ಕೊಂಡು ಬಂದ್ರಂತೆ."

ರಸ್ತೆಯ ಮಧ್ಯೆ ನಿಂತುಬಿಟ್ಟರು. "ಅದು ನಿಮ್ಮ ಮಗಳೇ ಹೇಳಿ ನಿಲ್ಲಿಸಿದ್ದು ಮಾವ. ನಿಮ್ಮ ಕೆಮ್ಮಿಗೆ. ಎದೆ ಡಾಕ್ಟ್ರು ಪುಡಿ, ಧೂಳು ಬಿಡಬೇಕು ಅಂದಿರಲಿಲ್ವಾ? ನೀವು ಬಿಡ್ತಿರಲಿಲ್ಲ. ಕೆಲಸ ಬರದಿದ್ರೆ ತಾನಾಗೇ ಬಿಡ್ತೀರಿ ಅಂದ್ಲು."

"ಅದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಇಬ್ಬರಿಗೂ?"

"ನೀವು ಬೈತೀರಿ ಅಂತ ಹೆದರಿಕೆ."

"ಬೈತಿದ್ದೆ" ಎಂದೆ.

"ಅದಕ್ಕೇ ಹೇಳಲಿಲ್ಲ."

ಮತ್ತೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ನನ್ನ ಊಟದ ಮೇಲೆ ನಿಗಾ ಇಡೋಕೆ ಯಾರು ಹೇಳಿದ್ರು ನಿಮಗೆ? ದಿನಾ ತಟ್ಟೆ ಹಿಡ್ಕೊಂಡು ಪೊಲೀಸಪ್ಪನ ಥರ ನಿಂತ್ಕೋತೀರಿ."

"ನಿಮ್ಮ ಹೆಂಡತಿ" ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೀಚರು ಮುಂದಿನಿಂದ ತಿರುಗಿ, ಯಾಕೆ ನಗುತ್ತೀರಿ ಎಂದು ಕೇಳಿದರು. ಹೇಳಲು ಹೋದರೆ ಅಳಿಯನಿಗೆ ಮತ್ತೆ ನಗು. ನನ್ನ ಮಗಳ ಬುದ್ಧಿಗೆ ಏನು ಹೇಳುವುದು! ಒಂದು ಹಗ್ಗಕ್ಕೆ ಎರಡು ಎತ್ತು ಕಟ್ಟಿ ಕಳಿಸಿದ್ದಾಳೆ, ಎರಡಕ್ಕೂ ತಾನೇ ಗಾಡಿ ಹೊಡೆಯುವವನೆಂಬ ಭ್ರಮೆ.

ಮೇ ೧೩, ಬುಧವಾರ

ಇವತ್ತಿನದನ್ನು ಯಾರಾದರೂ ನೋಡಿದ್ದರೆ ನಮ್ಮ ತಂಡಕ್ಕೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಗಂಟೆಯನ್ನು ಹೆಂಡತಿ ತೋಳು ಹಿಡಿದು ಎಳೆದುಕೊಂಡು ಬಂದಳು. ಅಳಿಯ ಅವನನ್ನು ಕೂರಿಸಿ ವಿವರಿಸಿದ: ಸೆಟ್ಟಿನ ಅಂಚಿಗೆ ಮೆತ್ತನೆಯ ಮೇಣ ಹಚ್ಚುತ್ತೇವೆ, ಬಾಯಲ್ಲಿಟ್ಟುಕೊಂಡು ಮಾರ್ಕೆಟ್ಟಿನಲ್ಲಿ ಕೂಗುವ ಹಾಗೇ ಕೂಗಬೇಕು, ಆಗ ತುಟಿ ಕೆನ್ನೆ ಎಲ್ಲೆಲ್ಲಿ ಎಳೆಯುತ್ತವೆಂದು ಮೇಣದಲ್ಲಿ ಮೂಡುತ್ತದೆ. ಗಂಟೆ ತಲೆ ಅಲ್ಲಾಡಿಸಿ ಶಿಲುಬೆಯ ಕಡೆ ಕೈ ತೋರಿಸಿದ. ಇಲ್ಲಿ ಕೂಗುವುದಿಲ್ಲವಂತೆ. ದೇವರ ಮನೆ.

ಪಾಸ್ಟರು ಎದ್ದು ಬಂದರು. "ಇಲ್ಲಿ ಎಲ್ಲರೂ ಪಿಸುಗುಟ್ಟೋರೇ. ಒಬ್ಬರಾದ್ರೂ ಕೂಗಲಿ, ದೇವರಿಗೂ ಬೇಜಾರು ಕಳೀಲಿ" ಎಂದು ತಮ್ಮ ಕೊಡೆಯನ್ನು ತಂದು ಮೇಜಿನ ಮೇಲಿಟ್ಟರು. "ತಗೋ. ಇದನ್ನ ಮಾರು."

ಗಂಟೆ ಕೊಡೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಮೇಣ ಹಚ್ಚಿದ ಸೆಟ್ಟನ್ನು ಅಳಿಯ ಅವನ ಬಾಯಲ್ಲಿಟ್ಟು ಕೆನ್ನೆ ಹಿಡಿದುಕೊಂಡ. ಮೊದಲ ಕೂಗು ಗಂಟಲಲ್ಲೇ ಉಳಿಯಿತು. ಎರಡನೆಯದು ಸ್ವಲ್ಪ ಹೊರಗೆ ಬಂತು. ಆಗ ಜಗಲಿಯ ಮೇಲಿನ ಸಾಲಿನಿಂದ ಯಾರೋ ಒಂದು ಬೆಲೆ ಕೂಗಿದರು. ಗಂಟೆಯ ಕಣ್ಣು ಅತ್ತ ಹೊರಳಿತು. ಇನ್ನೊಬ್ಬರು ಏರಿಸಿದರು. ಅಷ್ಟೇ. ಅವನು ಕುರ್ಚಿಯಿಂದ ಎದ್ದೇಬಿಟ್ಟ.

ಆ ದನಿ! ಕಿಟಕಿಯ ಗಾಜು ನಡುಗಿದ್ದು ಸುಳ್ಳಲ್ಲ. ಹಲ್ಲು ನೋವೆಂದು ಕೆನ್ನೆ ಹಿಡಿದು ಕೂತವರೆಲ್ಲ ಕೊಡೆಗೆ ಬೆಲೆ ಕಟ್ಟುವವರೇ. ಅಳಿಯ ಅವನ ಕೆನ್ನೆ ಬಿಡದೆ ಜೊತೆಗೇ ಓಡಾಡುತ್ತಿದ್ದ. ಕನ್ನಡಕದ ತುಂಬ ಎಂಜಲು.

"ಮಾವ, ನೋಡಿ ಇಲ್ಲಿ! ತುಟಿ ಮೇಲಕ್ಕೆ ಎಳೆದಾಗ ಈ ಅಂಚು ತಳ್ತಾ ಇದೆ!"

"ಬಲಗಡೆಯದ್ದೂ ತಳ್ತಿದೆ, ತೆಗಿ, ಕೊಡು ಇಲ್ಲಿ!"

ನಾನು ಕೆರೆಯುವುದು, ಅವನು ಕೂರಿಸುವುದು, ಗಂಟೆ ಕೂಗುವುದು. ಹೀಗೆ ಎಷ್ಟು ಸಲವೋ. ಕೊನೆಗೆ ಹೆಬ್ಬಾಗಿಲು ಬಡಿದ ಹಾಗೆ ಒಂದು ಕೂಗು ಹಾಕಿದ, ಸೆಟ್ಟು ಮಿಸುಕಲಿಲ್ಲ. ಕೊಡೆ ನನ್ನ ಕೆನ್ನೆ ಹಿಂಡಿದ ಅಜ್ಜಿಗೆ ಹೋಯಿತು. ಅಜ್ಜಿ ವಾಪಸ್ಸು ಕೊಡಲು ಒಪ್ಪದೆ ಪಾಸ್ಟರು ಬಹಳ ಹೊತ್ತು ಬೇಡಿಕೊಳ್ಳಬೇಕಾಯಿತು.

ಬರೆಯುತ್ತಾ ಈಗಲೂ ನಗು ಬರುತ್ತಿದೆ. ಮಾಸ್ಕು ಹಾಕಿಕೊಂಡೇ ಕೆಲಸ ಮಾಡಿದೆ, ಎದೆ ಹಗುರವಾಗಿದೆ.

ಮೇ ೧೪, ಗುರುವಾರ

ಮೇಣದಲ್ಲಿ ಮೂಡಿದ್ದನ್ನು ಇವತ್ತು ಗಟ್ಟಿ ಮಾಡಬೇಕಿತ್ತು. ಹಳೆಯ ಸೆಟ್ಟಿನಿಂದಲೇ ಹಲ್ಲು ಬಿಡಿಸಿ ಹೊಸ ಅಚ್ಚಿಗೆ ಕೂರಿಸಿದ್ದೆ. ಆ ಅಳತೆಯ ಹಲ್ಲು ಬೇರೆ ಇಲ್ಲ. ಕೆಟ್ಟರೆ ಕೆಟ್ಟಿತು. ಅಚ್ಚಿಗೆ ವಸಡಾಗುವ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಹಿತ್ತಾಳೆ ಪೆಟ್ಟಿಗೆಯಲ್ಲಿ ಬಿಗಿದು, ಬಿಸಿ ನೀರಿನಲ್ಲಿಟ್ಟೆ. ನೀರು ಬಿಸಿ ಇರಬೇಕು, ಕುದಿಯಬಾರದು. ಕುದಿದರೆ ಒಳಗೆಲ್ಲ ಗುಳ್ಳೆ.

ಅರ್ಧಕ್ಕೆ ಬಂದಾಗ ಗ್ಯಾಸು ಖಾಲಿ. ಬೇರೆ ಸಿಲಿಂಡರು ಸಂಜೆಗಂತೆ. ಅಷ್ಟರಲ್ಲಿ ನೀರು ತಣ್ಣಗಾಗಿ ಹೋಗುತ್ತಿತ್ತು. ಅಳಿಯನಿಗೆ ಕೂಗಿ ಹೇಳಿದೆ. ರೋಗಿಯನ್ನು ನರ್ಸಮ್ಮನಿಗೆ ಒಪ್ಪಿಸಿ ಓಡಿ ಬಂದ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಮುರಿದ ಬೆಂಚಿನ ತುಂಡು ಒಟ್ಟಿ ಬೆಂಕಿ ಹಾಕಿದ. ಇಬ್ಬರೂ ಒದ್ದೆ ಬಟ್ಟೆ ಹಿಡಿದು ಪಾತ್ರೆ ಎತ್ತಿ ತಂದೆವು. ಸೌದೆಯ ಬೆಂಕಿ ಹೇಳಿದ ಮಾತು ಕೇಳುತ್ತದೆಯೇ? ಜಾಸ್ತಿಯಾದರೆ ಕೊಳ್ಳಿ ಎಳೆಯುವುದು, ಕಮ್ಮಿಯಾದರೆ ತಳ್ಳುವುದು. ನೀರಿನಲ್ಲಿ ಸಣ್ಣ ಗುಳ್ಳೆ ಕಂಡರೂ ಕೊಳ್ಳಿ ಎಳೆ ಎಂದು ಕೂಗುತ್ತಿದ್ದೆ.

"ಕರ್ತನೇ, ಕುದಿಯದಿರಲಿ. ಇದೊಂದು ಕುದಿಯದ ಹಾಗೆ ನೋಡ್ಕೊಪ್ಪಾ" ಎಂದೆ. ಗಟ್ಟಿಯಾಗಿ ಅಂದುಬಿಟ್ಟೆನೇನೋ. ಅಳಿಯ ಕಣ್ಣು ಮುಚ್ಚಿ "ಆಮೆನ್" ಅಂದ.

"ಕಣ್ಣು ಮುಚ್ಚಬೇಡವೋ, ಬೆಂಕಿ ನೋಡು" ಎಂದೆ.

ಹುಡುಗ ಹೊಗೆಯಲ್ಲಿ ಕೂತು ಕಣ್ಣು ಕೆಂಪು ಮಾಡಿಕೊಂಡಿದ್ದಾನೆ. ನನ್ನನ್ನು ಮಾತ್ರ ಹೊಗೆ ಬರದ ಕಡೆ ಕೂರಿಸಿದ್ದ. ಈಗ ಯೋಚಿಸಿದಾಗ ಗೊತ್ತಾಗುತ್ತಿದೆ.

ಪೆಟ್ಟಿಗೆ ಬಿಚ್ಚುವುದು ನಾಳೆ.

ಮೇ ೧೫, ಶುಕ್ರವಾರ

ಗುಳ್ಳೆ ಇಲ್ಲ! ಒಂದೂ ಇಲ್ಲ!

ಉಜ್ಜಿ, ಹೊಳಪು ಕೊಟ್ಟು, ಗಂಟೆಗೆ ಕೂರಿಸಿದೆವು. ಕೂಗಿಸಿದೆವು. ನಿಂತಿತು. ಆದರೆ ಅವನ ಮುಖದಲ್ಲಿ ಮೊದಲಿನ ಸಲದ ಸಂತೋಷ ಕಾಣಲಿಲ್ಲ. ಹಲ್ಲು ಬಿದ್ದು ನಗೆಪಾಟಲಾದ ಆ ಹರಾಜಿನ ಪೆಟ್ಟಿಗೆಯನ್ನು ಮತ್ತೆ ಹತ್ತಬೇಕಲ್ಲ. ಈಗ ಅಲ್ಲಿ ಬೇರೆಯವನು ನಿಂತಿದ್ದಾನೆ ಕೂಡ. ಇಬ್ಬರ ಕೈಯನ್ನೂ ಹಿಡಿದು, ತಲೆ ಬಗ್ಗಿಸಿ, ಹೋದ. ಕರವಸ್ತ್ರ ಕೈಯಲ್ಲೇ ಇತ್ತು. ಬಾಯಿಯ ಮೇಲೆ ಇರಲಿಲ್ಲ, ಅಷ್ಟು ನೋಡಿದೆ.

"ಹತ್ತುತ್ತಾನಾ?" ಎಂದೆ.

"ಗೊತ್ತಿಲ್ಲ ಮಾವ. ನಮ್ಮ ಕೆಲಸ ಇಲ್ಲಿಗೆ ಮುಗೀತು" ಎಂದ ನಮ್ಮ ಹುಡುಗ. ಹಾಗೆಂದವನು ಮಧ್ಯಾಹ್ನವೆಲ್ಲ ಬಾಗಿಲ ಕಡೆ ನೋಡುತ್ತಲೇ ಇದ್ದ.

ಮೇ ೧೭, ಭಾನುವಾರ

ಆರಾಧನೆಗೆ ಜನವೋ ಜನ. ನಮ್ಮ ಹುಡುಗನ ಪಕ್ಕದಲ್ಲಿ ಜಾಗವಿತ್ತು, ಮುಂದೆಯೇ ಕೂತೆ. ತಂಡದ ಪರವಾಗಿ ಒಬ್ಬರು ಪ್ರಾರ್ಥಿಸಿ ಎಂದರು ಪಾಸ್ಟರು. ಯಾರೂ ಏಳಲಿಲ್ಲ, ಒಬ್ಬರಾದರೂ ಏಳಬೇಕಲ್ಲ ಎಂದು ಎದ್ದೆ. ನನಗೆ ಉದ್ದದ ಮಾತು ಬರುವುದಿಲ್ಲ. "ಕರ್ತನೇ, ಈ ಬಾಯಿಗಳನ್ನ ಕಾಪಾಡು. ತಿನ್ನಲಿ, ಮಾತಾಡಲಿ, ಕೂಗಲಿ" ಎಂದು ಕನ್ನಡದಲ್ಲೇ ಹೇಳಿ ಕೂತೆ. ಟೀಚರಿಗೂ ಅರ್ಥವಾಗದ್ದನ್ನು ಅವರು ಜನರಿಗೆ ಹೇಗೆ ದಾಟಿಸಿದರೋ, ಬಹಳ ಉದ್ದಕ್ಕೆ ಏನೋ ಹೇಳಿದರು. ಎಲ್ಲರೂ ಆಮೆನ್ ಎಂದರು.

ಗಂಟೆ ಬಂದಿರಲಿಲ್ಲ. ಹೆಂಡತಿಯೂ ಇಲ್ಲ.

ಮಗಳಿಗೆ ಫೋನು ಮಾಡಿ ಸರಿಯಾಗಿ ಬೈದೆ. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನನಗೂ ಬೈಗುಳ ಪೂರ್ತಿ ಮುಗಿಸಲಾಗಲಿಲ್ಲ.

ಮೇ ೧೮, ಸೋಮವಾರ

ವ್ಯಾನು ನಾಳೆ ಬೆಳಿಗ್ಗೆ. ಇವತ್ತು ಸಾಮಾನು ಕಟ್ಟುವ ದಿನ. ನಮ್ಮ ಹುಡುಗ ಎದ್ದವನೇ ಶೂ ಹಾಕಿಕೊಂಡು ನಿಂತಿದ್ದ. ನಾನೂ ಹಾಕಿಕೊಂಡೇ ಇದ್ದೆ. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಮಾರ್ಕೆಟ್ಟಿನಲ್ಲಿ ದೊಡ್ಡ ಪೆಟ್ಟಿಗೆಯ ಮೇಲೆ ಅದೇ ಯುವಕ. ಕೋಸು, ಈರುಳ್ಳಿ, ಒಳ್ಳೊಳ್ಳೆಯ ರಾಶಿಯೆಲ್ಲ ಅವನೇ ಕೂಗಿ ಮುಗಿಸುತ್ತಿದ್ದ. ಗಂಟೆ ಮೂಟೆಗಳ ಸಾಲಿನಲ್ಲೂ ಇರಲಿಲ್ಲ. ನಮ್ಮ ಹುಡುಗನ ಮುಖ ಇಷ್ಟಾಗಿತ್ತು. "ಹೋಗೋಣ ಬಾ" ಎಂದು ನಾನೇ ಅವನ ತೋಳು ಹಿಡಿದೆ.

ಆಗ ಕೇಳಿಸಿತು. ತಗಡಿನ ಮಾಡಿನ ಆಚೆ ತುದಿಯಿಂದ, ಗೋಡೌನಿನ ಹಿಂದಿನಿಂದ. ಒಂದೇ ಕೂಗು, ಆದರೆ ಆ ದನಿಯನ್ನು ಇಡೀ ಊರಿನಲ್ಲಿ ಇನ್ನೊಬ್ಬರು ಹಾಕಲಾರರು.

ಓಡಿದೆವು. ನಾನೂ ಓಡಿದೆ. ಹಿಂದಿನ ಅಂಗಳದಲ್ಲಿ ಗಂಟೆ ಒಂದು ಸಣ್ಣ ಪೆಟ್ಟಿಗೆಯ ಮೇಲೆ ನಿಂತಿದ್ದ. ಸುತ್ತಲೂ ಏಟು ಬಿದ್ದ ಟೊಮೇಟೊ, ಬಾಡಿದ ಬದನೆ, ಸೀಳು ಬಿಟ್ಟ ಕ್ಯಾರೆಟ್ಟು. ಯಾರೂ ಕೊಳ್ಳದೆ ಉಳಿದ ಮಾಲೆಲ್ಲ ಅಲ್ಲಿ. ಹೆಂಡತಿ ಬುಟ್ಟಿ ಎತ್ತಿ ಎತ್ತಿ ತೋರಿಸುತ್ತಿದ್ದಳು. ಮಂಡಿಯ ಮಾಲೀಕ ಉಳಿದದ್ದನ್ನಾದರೂ ಮಾರಿ ನೋಡು ಎಂದಿದ್ದನಂತೆ, ಆಮೇಲೆ ತಿಳಿಯಿತು. ಗಂಟೆ ಒಂದು ಬದನೆಕಾಯಿಯನ್ನು ಎತ್ತಿ ಹಿಡಿದು, ಅದು ರಾಜನ ಮನೆಯಿಂದ ಬಂದ ಹಾಗೆ ಏನೋ ಬಣ್ಣಿಸಿದ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು, ನಗುತ್ತಲೇ ಬೆಲೆ ಏರಿಸಿದರು. ದೊಡ್ಡ ಪೆಟ್ಟಿಗೆಯ ಕಡೆಯಿಂದ ಜನ ಒಬ್ಬೊಬ್ಬರೇ ಇತ್ತ ಬರತೊಡಗಿದರು. ಅಂಕಿಗಳು ಅವನ ಬಾಯಿಂದ ಕಾಳು ಸುರಿದ ಹಾಗೆ ಸುರಿಯುತ್ತಿದ್ದವು. ಬಾಯಿ ಅಷ್ಟಗಲ ತೆರೆದಿತ್ತು, ಹಲ್ಲು ಅಲ್ಲೇ ಇತ್ತು.

ಅವನು ನಮ್ಮನ್ನು ಕಂಡ. ನಾನು ಖುಷಿಗೆ ಕೈ ಎತ್ತಿ ಬೀಸಿದೆ.

ಅದೇ ತಪ್ಪಾಯಿತು. ಗಂಟೆ ನನ್ನ ಕಡೆ ಬೆರಳು ತೋರಿಸಿ ಗುಡುಗಿದ. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಹೆಂಡತಿ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಕಾಲಬುಡದಲ್ಲಿ ಇಟ್ಟಳು: ದೊಡ್ಡದೊಂದು ಬುಟ್ಟಿ ಟೊಮೇಟೊ, ಅರ್ಧ ಜಜ್ಜಿದ್ದು. ನನ್ನದಾಯಿತಂತೆ. ನಾನೇ ಬೆಲೆ ಕೂಗಿದ್ದಂತೆ.

"ನಾನು ಕೈ ಬೀಸಿದ್ದು ಕಣಪ್ಪಾ!" ಎಂದು ಕನ್ನಡದಲ್ಲಿ ಕೂಗಿದೆ.

ಗಂಟೆ ಹೊಸ ಹಲ್ಲನ್ನೆಲ್ಲ ತೋರಿಸಿ ನಕ್ಕ. ಮುಂದಿನ ಬುಟ್ಟಿಗೆ ಕೈ ಹಾಕಿದ. ಅವನಿಗೆ ನಮ್ಮ ಜೊತೆ ಮಾತಾಡಲು ಪುರುಸೊತ್ತಿರಲಿಲ್ಲ.

ಬುಟ್ಟಿಯ ಒಂದು ಕಿವಿ ನಾನು, ಒಂದು ಕಿವಿ ನಮ್ಮ ಹುಡುಗ ಹಿಡಿದು ಹೊತ್ತುಕೊಂಡು ಬಂದೆವು. ದಾರಿಯುದ್ದಕ್ಕೂ ರಸ ಸೋರಿ ಇಬ್ಬರ ಪ್ಯಾಂಟೂ ಕೆಂಪು. ನರ್ಸಮ್ಮ ನೋಡಿ ಅಪಘಾತವೆಂದು ಕಿರುಚಿದಳು. ಈಗ ಅಡುಗೆಮನೆಯಲ್ಲಿ, ನನ್ನ ಪ್ಲಾಸ್ಟರು ಕಟ್ಟೆಯ ಮೇಲೆ, ಪಾಸ್ಟರು, ಟೀಚರು, ಎಲ್ಲರೂ ಸೇರಿ ಟೊಮೇಟೊ ಹೆಚ್ಚುತ್ತಿದ್ದಾರೆ. ಇಷ್ಟು ಟೊಮೇಟೊ ಸಾರು ಯಾರು ಕುಡಿಯುತ್ತಾರೋ. ನಮ್ಮ ಹುಡುಗನಿಗೆ ಚಾಕು ಹಿಡಿಯಲು ಬರುವುದಿಲ್ಲ, ಬೆರಳು ಕೊಯ್ದುಕೊಳ್ಳುತ್ತಾನೆ. ಹಲ್ಲು ಕೀಳುವ ಕೈಗೆ ಟೊಮೇಟೊ ಬಗ್ಗುವುದಿಲ್ಲ. ಅಲ್ಲಿಂದಲೇ ಕೂಗುತ್ತಿದ್ದಾನೆ, "ಮಾವ, ಬರೆದಿದ್ದು ಸಾಕು, ಬನ್ನಿ! ಒಲೆ ಹಚ್ಚೋರು ಯಾರು?"

ಬಂದೆ ಅಂದೆ. ಹೋಗಬೇಕು.